ಪೀರ್ ರಿವ್ಯೂ ಕಲಿಸಿ, ಬರೆದವರ ಹೆಸರನ್ನೂ ಹೇಳಿ: ಬೆಂಗಳೂರಿನ ಕುಲಪತಿಗಳಿಗೆ, ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ವಿಶ್ವವಿದ್ಯಾಲಯಗಳ ಕುಲಪತಿಗಳು, ಸಂಶೋಧನಾ ಸಂಸ್ಥೆಗಳ ನಿರ್ದೇಶಕರು ಮತ್ತು ಪಿಎಚ್‌ಡಿ ಕೋರ್ಸ್‌ವರ್ಕ್ ನೋಡಿಕೊಳ್ಳುವ ಡೀನ್‌ಗಳು

ವಿಷಯ: ಹೊಸ ಸಂಶೋಧಕರಿಗೆ ಪೀರ್ ರಿವ್ಯೂ ಕಲಿಸುವ ಬಗ್ಗೆ

ಮಾನ್ಯರೇ,

ನಿಮ್ಮ ಲ್ಯಾಬುಗಳಿಗೆ ಹೊಸದಾಗಿ ಸೇರಿದ ರಿಸರ್ಚ್ ಸ್ಕಾಲರ್ ದೊಡ್ಡ ಮೈಕ್ರೋಸ್ಕೋಪ್ ಮುಟ್ಟಬೇಕಾದರೆ ತರಬೇತಿ ಆಗಿರಬೇಕು. ಆಸಿಡ್ ಬಾಟಲಿ ತೆಗೆಯುವ ಮೊದಲು ಸೇಫ್ಟಿ ಕ್ಲಾಸ್ ಇರುತ್ತದೆ. ಇಲಿಯ ಮೇಲೆ ಪ್ರಯೋಗ ಮಾಡಬೇಕಾದರೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಇದೆಲ್ಲ ಸರಿಯೇ. ಆದರೆ ಇನ್ನೊಬ್ಬರು ನಾಲ್ಕೈದು ವರ್ಷ ಕಷ್ಟಪಟ್ಟು ಮಾಡಿದ ಕೆಲಸ ಅಚ್ಚಾಗಬೇಕೋ ಬೇಡವೋ ಎಂದು ಅದೇ ಕ್ಷೇತ್ರದವರು ಓದಿ ಪರಿಶೀಲಿಸಿ ಜರ್ನಲ್‌ನ (ಸಂಶೋಧನಾ ಪತ್ರಿಕೆಯ) ಎಡಿಟರ್‌ಗೆ ಹೇಳುವ ಪೀರ್ ರಿವ್ಯೂ ಎಂಬ ಕೆಲಸ ಇದೆಯಲ್ಲ, ಅದಕ್ಕೆ ಯಾವ ತರಬೇತಿಯೂ ಇಲ್ಲ. ಒಂದು ದಿನ ಆ ಕೆಲಸ ಅದೇ ಸ್ಕಾಲರ್ ಕೈಗೆ ಸುಮ್ನೆ ಬಂದು ಬೀಳುತ್ತದೆ.

ನಾನು ಈ ಊರಿನಲ್ಲೇ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಈಗ ಇಲ್ಲೇ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧಕಿ) ಆಗಿದ್ದೇನೆ. ಯಾವ ಸಂಸ್ಥೆ, ಯಾವ ಗೈಡ್ ಎಂದು ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಇದನ್ನು ಓದಿದ ಬಹಳಷ್ಟು ಸ್ಕಾಲರ್‌ಗಳು "ನಮ್ಮಲ್ಲೂ ಹೀಗೇ" ಎನ್ನುತ್ತಾರೆ, ಅದು ನನಗೆ ಗೊತ್ತು.

ಆಗುವುದು ಇಷ್ಟು. ಗೈಡ್‌ಗೆ ಜರ್ನಲ್‌ನಿಂದ ಮೇಲ್ ಬರುತ್ತದೆ. ಈ ಪೇಪರ್ ರಿವ್ಯೂ ಮಾಡಿಕೊಡಿ, ಎರಡು ವಾರ ಸಮಯ. ಅವರಿಗೆ ಗ್ರಾಂಟ್ ಗಡಿಬಿಡಿ, ಕಮಿಟಿ ಮೀಟಿಂಗ್, ದೆಹಲಿ ಓಡಾಟ. ಆದರೂ ಒಪ್ಪಿಕೊಂಡುಬಿಡುತ್ತಾರೆ. ಗಡುವು ಹತ್ತಿರ ಬಂದಾಗ ಪಿಡಿಎಫ್ ನಮಗೆ ಫಾರ್ವರ್ಡ್ ಆಗುತ್ತದೆ. "ಇದನ್ನೊಂದು ಸ್ವಲ್ಪ ನೋಡಮ್ಮ, ಸೋಮವಾರದೊಳಗೆ ಎರಡು ಪುಟ ಬರೆದುಕೊಡು." ಅಲ್ಲಿಗೆ ಪಾಠ ಮುಗಿಯಿತು. ಏನು ನೋಡಬೇಕು, ಹೇಗೆ ಬರೆಯಬೇಕು, ಎಡಿಟರ್‌ಗೆ ಗುಟ್ಟಾಗಿ ಬರೆಯುವ ಜಾಗದಲ್ಲಿ ಏನು ಹೇಳಬಹುದು, ಯಾವುದನ್ನೂ ಯಾರೂ ಹೇಳುವುದಿಲ್ಲ. ನಾವು ಶನಿವಾರ ಭಾನುವಾರ ಕೂತು ಬರೆಯುತ್ತೇವೆ. ರಿಪೋರ್ಟ್ ಗೈಡ್ ಹೆಸರಿನಲ್ಲಿ ಹೋಗುತ್ತದೆ. ಬರೆದದ್ದು ಯಾರು ಎಂದು ಎಡಿಟರ್‌ಗೆ ಗೊತ್ತಾಗುವುದೇ ಇಲ್ಲ.

ಹೆಸರು ಸಿಗಲಿಲ್ಲ ಎನ್ನುವುದು ಒಂದು ಬೇಜಾರು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಡಿಟರ್ ತೀರ್ಮಾನ ಮಾಡಿದ ಮೇಲೆ ಅನೇಕ ಜರ್ನಲ್‌ಗಳು ರಿವ್ಯೂವರ್‌ಗಳಿಗೆ ಒಂದು ಮೇಲ್ ಕಳಿಸುತ್ತವೆ. ತೀರ್ಮಾನ ಏನಾಯಿತು ಎಂದು ಅದರಲ್ಲಿರುತ್ತದೆ. ಉಳಿದ ರಿವ್ಯೂವರ್‌ಗಳು ಏನು ಬರೆದರು ಎನ್ನುವುದೂ ಇರುತ್ತದೆ. ನಾನು ಕಂಡ ತಪ್ಪನ್ನು ಅವರೂ ಕಂಡರಾ? ನನಗೆ ಹೊಳೆಯದ ಏನು ಅವರಿಗೆ ಹೊಳೆಯಿತು? ನಾನು ಸುಮ್ಮಸುಮ್ಮನೆ ಜಗಳ ತೆಗೆದೆನಾ? ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆ ಮೇಲ್ ಹೋಗುವುದು ಗೈಡ್ ಇನ್‌ಬಾಕ್ಸ್‌ಗೆ. ಅಲ್ಲೇ ಉಳಿಯುತ್ತದೆ.

ಇದು ಬೆಂಗಳೂರಿನ ಕಾಯಿಲೆ ಮಾತ್ರ ಅಲ್ಲ. 2019ರಲ್ಲಿ ಇಲೈಫ್ ಜರ್ನಲ್‌ನಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದರಲ್ಲಿ ಉತ್ತರ ಕೊಟ್ಟ ಎಳೆಯ ಸಂಶೋಧಕರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ, ತಮ್ಮ ಹೆಸರಿಲ್ಲದೆ ಬೇರೆಯವರ ಪರವಾಗಿ ರಿವ್ಯೂ ಬರೆದುಕೊಟ್ಟಿದ್ದೇವೆ ಎಂದಿದ್ದಾರೆ. ಪ್ರಕಟಣೆಯ ನೀತಿ ನೋಡಿಕೊಳ್ಳುವ ಕೋಪ್ ಎಂಬ ಅಂತರರಾಷ್ಟ್ರೀಯ ಸಮಿತಿಯ ನಿಯಮವಂತೂ ಇದನ್ನು ಬಿಡಿಸಿ ಹೇಳುತ್ತದೆ. ಜರ್ನಲ್‌ನ ಅನುಮತಿ ಇಲ್ಲದೆ ರಿವ್ಯೂ ಕೆಲಸದಲ್ಲಿ ಬೇರೆ ಯಾರನ್ನೂ ಸೇರಿಸಿಕೊಳ್ಳಬಾರದು, ತಮ್ಮ ಕೈಕೆಳಗೆ ಕಲಿಯುತ್ತಿರುವವರನ್ನೂ ಸೇರಿಸಿಕೊಳ್ಳಬಾರದು. ಸಹಾಯ ಮಾಡಿದವರ ಹೆಸರು ಎಡಿಟರ್‌ಗೆ ತಿಳಿಸಬೇಕು. ಅಂದರೆ ನಮ್ಮ ಲ್ಯಾಬುಗಳಲ್ಲಿ ದಿನಾ ನಡೆಯುವುದು ಬರೀ ಕೆಟ್ಟ ಅಭ್ಯಾಸ ಅಲ್ಲ, ನಿಯಮ ಮುರಿಯುವ ಕೆಲಸ. ರಿಸರ್ಚ್ ಎಥಿಕ್ಸ್ ಕ್ಲಾಸ್ ತೆಗೆದುಕೊಳ್ಳುವವರ ಲ್ಯಾಬಿನಲ್ಲೂ ಇದು ನಡೆಯುತ್ತದೆ. ಇದಕ್ಕೆ ನಗಬೇಕೋ ಅಳಬೇಕೋ ಹೇಳಿ.

ಕಲಿಸದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಪಕ್ಕದ ಲ್ಯಾಬಿನ ಒಬ್ಬ ಹುಡುಗಿ ತನ್ನ ಮೊದಲ ಪೇಪರನ್ನು ಒಳ್ಳೆಯ ಜರ್ನಲ್‌ಗೆ ಕಳಿಸಿದ್ದಳು. ಉತ್ತರದಲ್ಲಿ 'ಮೇಜರ್ ರಿವಿಷನ್' ಎಂದಿತ್ತು. ಇಬ್ಬರು ರಿವ್ಯೂವರ್‌ಗಳು, ನಾಲ್ಕು ಪುಟ ಟೀಕೆ. ಪೇಪರ್ ಬಿದ್ದುಹೋಯಿತು ಎಂದೇ ಅವಳು ತಿಳಿದಳು. ಮೇಜರ್ ರಿವಿಷನ್ ಬಂದರೆ ಅದು ಒಳ್ಳೆಯ ಸುದ್ದಿ, ಎಡಿಟರ್ ಬಾಗಿಲು ತೆರೆದೇ ಇಟ್ಟಿದ್ದಾರೆ, ಒಂದೊಂದು ಟೀಕೆಗೂ ಉತ್ತರ ಬರೆದು ವಾಪಸ್ ಕಳಿಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೈಡ್ ವಿದೇಶದಲ್ಲಿದ್ದರು. ಅವಳು ಅದನ್ನು ದುಡ್ಡು ತೆಗೆದುಕೊಳ್ಳುವ ಒಂದು ಜರ್ನಲ್‌ಗೆ ಕೊಟ್ಟಳು. ಮೂರೇ ದಿನದಲ್ಲಿ ಒಪ್ಪಿಗೆ ಬಂತು. ಒಂದು ಟೀಕೆಯೂ ಇರಲಿಲ್ಲ. ಒಳ್ಳೆಯ ಕೆಲಸ ಅದು, ಈಗ ಯಾರೂ ಓದದ ಮೂಲೆಯಲ್ಲಿ ಬಿದ್ದಿದೆ.

ಗೊತ್ತಿಲ್ಲದೇ ಇರುವುದು ನಾಚಿಕೆಯ ವಿಷಯ ಅಲ್ಲ. ಐನ್‌ಸ್ಟೈನ್‌ಗೇ ಗೊತ್ತಿರಲಿಲ್ಲ. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ ಗುರುತ್ವದ ಅಲೆಗಳು ಇಲ್ಲ ಎಂದು ವಾದಿಸುವ ಪೇಪರ್ ಒಂದನ್ನು ಫಿಸಿಕಲ್ ರಿವ್ಯೂ ಜರ್ನಲ್‌ಗೆ ಕಳಿಸಿದರು. ಎಡಿಟರ್ ಜಾನ್ ಟೇಟ್ ಅದನ್ನು ಒಬ್ಬ ರಿವ್ಯೂವರ್‌ಗೆ ತೋರಿಸಿದರು. ಲೆಕ್ಕದಲ್ಲಿ ಎಡವಟ್ಟಿದೆ ಎಂದು ಉದ್ದನೆಯ ಟಿಪ್ಪಣಿ ಬಂತು. ಐನ್‌ಸ್ಟೈನ್ ಕೆಂಡಾಮಂಡಲ. ಅಚ್ಚು ಹಾಕಲಿ ಎಂದು ಕೊಟ್ಟದ್ದು, ಯಾರಿಗೋ ತೋರಿಸಲಿ ಎಂದಲ್ಲ ಎಂದು ಬರೆದು ಪೇಪರ್ ವಾಪಸ್ ತೆಗೆದುಕೊಂಡರು. ಆಮೇಲೆ ಅದು ಬೇರೆ ಜರ್ನಲ್‌ನಲ್ಲಿ 1937ರಲ್ಲಿ ಬಂತು. ಆಗ ತೀರ್ಮಾನವೇ ಬದಲಾಗಿತ್ತು. ರಿವ್ಯೂವರ್ ಹೇಳಿದ್ದು ಸರಿಯಾಗಿತ್ತು. ಆ ಅಲೆಗಳನ್ನು 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದಾಗ ಆ ತಂಡದಲ್ಲಿ ನಮ್ಮ ಹೆಸರಘಟ್ಟ ಕಡೆಯ ಐಸಿಟಿಎಸ್ ಸಂಶೋಧನಾ ಸಂಸ್ಥೆಯವರೂ ಇದ್ದರು ಎನ್ನುವುದು ನಮಗೆ ಹೆಮ್ಮೆ.

"ನಮಗೆ ಯಾರು ಕಲಿಸಿದರು? ನಾವೇ ಕಲಿತೆವು" ಎಂದು ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಕಲಿತಿರಿ, ಸರ್. ಆದರೆ ನಿಮ್ಮ ಕಾಲದಲ್ಲಿ "ಪೇಪರ್ ಕಳಿಸಿ, ವಾರದೊಳಗೆ ಪ್ರಕಟಣೆ, ಸರ್ಟಿಫಿಕೇಟ್ ಉಚಿತ" ಎಂಬ ಮೆಸೇಜ್ ದಿನಾ ವಾಟ್ಸಾಪ್‌ಗೆ ಬರುತ್ತಿರಲಿಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಒಂದು ಸುಳ್ಳು ಪೇಪರ್ ತಯಾರು ಮಾಡಿ 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಕಳಿಸಿದ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಭಾರತದ್ದೇ ಆಗಿದ್ದವು. ದೊಡ್ಡ ಪ್ರಕಾಶಕರ ಮನೆಯಲ್ಲೂ ಸುಖವಿಲ್ಲ. 2023ರ ಒಂದೇ ವರ್ಷದಲ್ಲಿ ಹಿಂದಾವಿ ಎಂಬ ಪ್ರಕಾಶನ ಸಂಸ್ಥೆ 8,000ಕ್ಕೂ ಜಾಸ್ತಿ ಪೇಪರ್‌ಗಳನ್ನು ಹಿಂತೆಗೆದುಕೊಂಡಿತು. ಕಾರಣಗಳಲ್ಲಿ ಮುಖ್ಯವಾದದ್ದು, ರಿವ್ಯೂ ಪ್ರಕ್ರಿಯೆಯನ್ನೇ ಯಾರ್ಯಾರೋ ತಿರುಚಿದ್ದರು.

ಇಲ್ಲಿ ನಿಮ್ಮ ಜವಾಬ್ದಾರಿ ಈಚೆಗೆ ಇನ್ನೂ ಹೆಚ್ಚಾಗಿದೆ. ಯಾವ ಜರ್ನಲ್ ಸರಿ ಎಂದು ಹೇಳಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಕೇರ್ ಪಟ್ಟಿ ಒಂದಿತ್ತು. ಅದರಲ್ಲಿ ಎಷ್ಟೋ ಕುಂದು ಇತ್ತು, ಒಪ್ಪುತ್ತೇನೆ. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸಿ, ಜರ್ನಲ್ ಆರಿಸುವ ಹೊಣೆಯನ್ನು ನಿಮ್ಮ ಸಂಸ್ಥೆಗಳಿಗೇ ಬಿಟ್ಟಿದೆ. ಪಟ್ಟಿ ಇಲ್ಲದ ಮೇಲೆ ಉಳಿದದ್ದು ಒಂದೇ ದಾರಿ. ನಿಜವಾದ ರಿವ್ಯೂ ಹೇಗಿರುತ್ತದೆ ಎಂದು ಸ್ಕಾಲರ್‌ಗೇ ಗೊತ್ತಿರಬೇಕು. ಅಸಲಿ ನೋಡದವರು ನಕಲಿ ಹಿಡಿಯುವುದು ಹೇಗೆ?

ಕೋರ್ಸ್‌ವರ್ಕ್‌ನಲ್ಲಿ ಈಗಾಗಲೇ ಇದೆಯಲ್ಲ ಎಂದು ನೀವು ಹೇಳಬಹುದು. 2019ರ ಕೊನೆಯಲ್ಲಿ ಯುಜಿಸಿ 'ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್' ಎಂಬ 2 ಕ್ರೆಡಿಟ್‌ನ ಕೋರ್ಸ್ ಕಡ್ಡಾಯ ಮಾಡಿತು. 6 ಘಟಕ, 30 ಗಂಟೆ. ಒಳ್ಳೆಯ ಹೆಜ್ಜೆಯೇ. ಡೇಟಾಬೇಸ್, ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದರು ಎಂದು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್ ಇವುಗಳಿಗೆ ಅದರಲ್ಲಿ ಒಂದು ಇಡೀ ಘಟಕ ಇದೆ. ಆದರೆ ಒಂದು ಪೇಪರ್ ಕೈಗೆ ಕೊಟ್ಟು 'ಓದು, ಟೀಕೆ ಬರೆ' ಎನ್ನುವ ಘಟಕ ಇಲ್ಲ. ಪೇಪರಿನ ಅಂಕ ಲೆಕ್ಕ ಹಾಕುವುದನ್ನು ಕಲಿಸುತ್ತೇವೆ, ಪೇಪರನ್ನು ತೂಗುವುದನ್ನು ಕಲಿಸುವುದಿಲ್ಲ. ನಾನು ಕಂಡ ಹಾಗೆ ಅನೇಕ ಕಡೆ ಈ ಕೋರ್ಸ್ ನಡೆಯುವುದೂ ಕಾಟಾಚಾರಕ್ಕೆ. ಸ್ಲೈಡ್ ಓದುತ್ತಾರೆ, ಕೊನೆಗೆ ಸರಿ ಉತ್ತರಕ್ಕೆ ಟಿಕ್ ಹಾಕುವ ಪರೀಕ್ಷೆ.

ಹಾಗಂತ "ಸರಿ, ಒಂದು ವರ್ಕ್‌ಶಾಪ್ ಮಾಡಿಬಿಡೋಣ" ಎಂದು ದಯವಿಟ್ಟು ಹೊರಡಬೇಡಿ. ಬ್ಯಾನರ್, ದೀಪ ಬೆಳಗುವುದು, ಮುಖ್ಯ ಅತಿಥಿಗೆ ಶಾಲು, ಮಧ್ಯಾಹ್ನ ಬಿಸಿಬೇಳೆಬಾತ್, ಸಂಜೆ ಸರ್ಟಿಫಿಕೇಟ್. ಇದರಿಂದ ಹೆಚ್ಚೇನೂ ಆಗುವುದಿಲ್ಲ ಎನ್ನುವುದು ನನ್ನ ಸಿನಿಕತನ ಅಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನದೇ ರಿವ್ಯೂವರ್‌ಗಳ ಮೇಲೆ ಪ್ರಯೋಗ ಮಾಡಿ ನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವರಿಗೆ ಕೊಡದೆ, ಇಬ್ಬರ ರಿವ್ಯೂಗಳನ್ನೂ ಹೋಲಿಸಿದರು. ವ್ಯತ್ಯಾಸ ಬಹಳ ಕಡಿಮೆ. ಅದೇ ಅಧ್ಯಯನದ ಮುಂದುವರಿಕೆಯಾಗಿ 2008ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಪೇಪರ್‌ಗಳಲ್ಲಿ 9 ದೊಡ್ಡ ತಪ್ಪುಗಳನ್ನು ಬೇಕೆಂದೇ ಸೇರಿಸಿದ್ದರು. ರಿವ್ಯೂವರ್‌ಗಳು ಸರಾಸರಿ ಹಿಡಿದದ್ದು ಮೂರನೇ ಒಂದು ಪಾಲಿನಷ್ಟು ಮಾತ್ರ. ಅವರೆಲ್ಲ ಅನುಭವ ಇದ್ದವರೇ.

ಇದನ್ನು ಓದಿ "ಹಾಗಾದರೆ ಕಲಿಸಿಯೂ ಉಪಯೋಗ ಇಲ್ಲ" ಎನ್ನಬಾರದು. ಒಂದು ದಿನದ ಕ್ಲಾಸಿನಿಂದ ಬರುವ ವಿದ್ಯೆ ಅಲ್ಲ ಎಂದಷ್ಟೇ ಇದರ ಅರ್ಥ. ಡ್ರೈವಿಂಗ್ ಸ್ಕೂಲಿನ ಕಾರು ನೋಡಿದ್ದೀರಲ್ಲ. ಸ್ಟೀರಿಂಗ್ ಕಲಿಯುವವರ ಕೈಯಲ್ಲಿ, ಪಕ್ಕದಲ್ಲಿ ಕೂತವರ ಕಾಲ ಕೆಳಗೂ ಒಂದು ಬ್ರೇಕ್, ಕಾರಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೆಂಪು ಎಲ್ ಅಕ್ಷರ. ರಿವ್ಯೂ ಕಲಿಸುವುದೂ ಹಾಗೆಯೇ ನಡೆಯಬೇಕು. ಈಗ ನಡೆಯುತ್ತಿರುವುದು ಎಲ್ ಬೋರ್ಡ್ ಇಲ್ಲದೆ, ಪಕ್ಕದ ಸೀಟೂ ಖಾಲಿ.

ಜರ್ನಲ್‌ಗೆ ಬಂದ ಪೇಪರ್ ಗುಟ್ಟಿನದು, ಕ್ಲಾಸಿನಲ್ಲಿ ತೋರಿಸುವ ಹಾಗಿಲ್ಲ ಎನ್ನುವ ತಕರಾರು ಬರುತ್ತದೆ. ನಿಜ. ಆದರೆ ತೋರಿಸಬಹುದಾದದ್ದು ಬೇಕಾದಷ್ಟಿದೆ. ಎಂಬೋ ಜರ್ನಲ್ 2009ರಿಂದಲೇ ಪೇಪರ್ ಜೊತೆ ರಿವ್ಯೂ ಕಡತವನ್ನೂ ಪ್ರಕಟಿಸುತ್ತಿದೆ. ನೇಚರ್ ಪತ್ರಿಕೆ 2025ರ ಜೂನ್‌ನಿಂದ ಹೊಸದಾಗಿ ಬರುವ ಸಂಶೋಧನಾ ಪೇಪರ್‌ಗಳಿಗೆ ಇದನ್ನೇ ಮಾಮೂಲಿ ಕ್ರಮ ಮಾಡಿಕೊಂಡಿದೆ. ಇಲೈಫ್ 2023ರಿಂದ ಇನ್ನೂ ಮುಂದೆ ಹೋಗಿದೆ. ರಿವ್ಯೂಗೆ ಕಳಿಸಿದ ಮೇಲೆ ಒಪ್ಪಿದೆವು, ತಿರಸ್ಕರಿಸಿದೆವು ಎನ್ನುವ ತೀರ್ಪೇ ಅಲ್ಲಿ ಇಲ್ಲ. ಪೇಪರ್, ಟೀಕೆ, ಲೇಖಕರ ಉತ್ತರ ಎಲ್ಲವೂ ಬಯಲಿನಲ್ಲಿ. ಒಂದು ರಿವ್ಯೂ ಕಡತ ತೆಗೆದು ಓದಿ ನೋಡಿ. ಮೊದಲ ಸುತ್ತಿನಲ್ಲಿ ರಿವ್ಯೂವರ್ "ಈ ಕಂಟ್ರೋಲ್ (ಹೋಲಿಕೆಗಾಗಿ ಮಾಡುವ ಪ್ರಯೋಗ) ಇಲ್ಲದೆ ಈ ಮಾತು ನಿಲ್ಲುವುದಿಲ್ಲ" ಎಂದಿರುತ್ತಾರೆ. ಲೇಖಕರು ಆರು ತಿಂಗಳು ಪ್ರಯೋಗ ಮಾಡಿ ಹೊಸ ಚಿತ್ರ ಸೇರಿಸುತ್ತಾರೆ. ಇನ್ನೊಂದು ಟೀಕೆಗೆ "ಇದನ್ನು ನಾವು ಒಪ್ಪುವುದಿಲ್ಲ, ಕಾರಣ ಇದು" ಎಂದು ಮರ್ಯಾದೆಯಿಂದಲೇ ತಿರುಗಿ ಹೇಳಿರುತ್ತಾರೆ. ರಿವ್ಯೂವರ್ ಹೇಳಿದ್ದಕ್ಕೆಲ್ಲ ತಲೆಬಾಗಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ ಓದಿಯೇ. ಎಡಿಟರ್ ವೋಟು ಎಣಿಸುವುದಿಲ್ಲ ಎನ್ನುವುದೂ ಅಲ್ಲಿ ಕಾಣುತ್ತದೆ. ಇಬ್ಬರು ಬೇಡ ಎಂದರೂ ಒಬ್ಬರ ವಾದ ಗಟ್ಟಿಯಾಗಿದ್ದರೆ ಪೇಪರ್ ಉಳಿಯಬಹುದು.

ಬರೆದು ಅಭ್ಯಾಸ ಮಾಡಲು ಪ್ರಿಪ್ರಿಂಟ್‌ಗಳಿವೆ, ಅಂದರೆ ರಿವ್ಯೂ ಆಗುವ ಮೊದಲೇ ಲೇಖಕರು ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವ ಪೇಪರ್‌ಗಳು. ಭೌತಶಾಸ್ತ್ರದವರಿಗೆ 1991ರಿಂದ ಆರ್‌ಕೈವ್, ನಮ್ಮಂಥವರಿಗೆ 2013ರಿಂದ ಬಯೋಆರ್‌ಕೈವ್. ಬಯಲಿಗೆ ಬಂದ ಪೇಪರ್ ಅದು, ಗುಟ್ಟೇನೂ ಇಲ್ಲ. ನಾಲ್ಕು ಜನ ಸ್ಕಾಲರ್‌ಗಳು ಒಂದೇ ಪ್ರಿಪ್ರಿಂಟ್‌ಗೆ ಬೇರೆಬೇರೆಯಾಗಿ ರಿವ್ಯೂ ಬರೆದು, ಆಮೇಲೆ ಒಟ್ಟಿಗೆ ಕೂತು ಹೋಲಿಸಲಿ. ಒಬ್ಬಳು ಸ್ಯಾಂಪಲ್ ಸಾಲದು ಎಂದಿರುತ್ತಾಳೆ, ಇನ್ನೊಬ್ಬ ಬರೀ ಕಾಗುಣಿತ ತಿದ್ದಿರುತ್ತಾನೆ. ಕಲಿಕೆ ಶುರುವಾಗುವುದು ಆ ಜಗಳದಲ್ಲಿ. ಜಗಳ ಕನ್ನಡದಲ್ಲೇ ನಡೆಯಲಿ ಎಂದೂ ಕೇಳಿಕೊಳ್ಳುತ್ತೇನೆ. ರಿವ್ಯೂ ಇಂಗ್ಲಿಷ್‌ನಲ್ಲಿ ಬರೆಯಬೇಕು, ಅದು ಸರಿ. ಆದರೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗನಿಗೆ "ಈ ಗ್ರಾಫ್ ಯಾಕೋ ಸರಿ ಕಾಣ್ತಿಲ್ಲ" ಎಂದು ಮೊದಲು ಬಾಯಿ ಬಿಡಲು ಅವನ ಭಾಷೆ ಬೇಕು. ಇಂಗ್ಲಿಷ್‌ನಲ್ಲೇ ಮಾತಾಡು ಎಂದರೆ ಅವನು ಸುಮ್ಮನಿದ್ದುಬಿಡುತ್ತಾನೆ. ಅನುಮಾನ ಅವನೊಳಗೇ ಉಳಿಯುತ್ತದೆ.

ಇನ್ನೊಂದು ವಿಷಯ ಈಗಲೇ ಹೇಳಬೇಕು. ಸೋಮವಾರದ ಗಡುವು, ಕಲಿಸುವವರಿಲ್ಲ, ಹೆಸರೂ ಇಲ್ಲ ಎಂದರೆ ಸ್ಕಾಲರ್ ಏನು ಮಾಡುತ್ತಾರೆ? ಪಿಡಿಎಫನ್ನು ಚಾಟ್‌ಜಿಪಿಟಿಗೆ ಹಾಕುತ್ತಾರೆ. ಇನ್ನೂ ಪ್ರಕಟವಾಗದ ಬೇರೆಯವರ ಕೆಲಸ ಹಾಗೆ ಹೊರಗೆ ಹೋಗುತ್ತದೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರಲ್ಲೇ ಗ್ರಾಂಟ್ ಅರ್ಜಿಗಳ ರಿವ್ಯೂನಲ್ಲಿ ಇಂಥ ಎಐ ಬಳಸಬಾರದು ಎಂದು ಆದೇಶ ಮಾಡಿತು. ನಮ್ಮಲ್ಲಿ ಇದರ ಬಗ್ಗೆ ಸ್ಕಾಲರ್‌ಗಳ ಜೊತೆ ಕೂತು ಮಾತಾಡಿದ ಒಂದು ಡಿಪಾರ್ಟ್‌ಮೆಂಟನ್ನೂ ನಾನು ನೋಡಿಲ್ಲ.

ಹಾಗಾಗಿ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು ಒಂದು ಸುತ್ತೋಲೆ ಹೊರಡಿಸಿ. ಸ್ಕಾಲರ್ ಕೈಯಲ್ಲಿ ರಿವ್ಯೂ ಬರೆಸುವುದಾದರೆ ಮೊದಲೇ ಎಡಿಟರ್ ಅನುಮತಿ ಕೇಳಬೇಕು, ಹೆಸರು ಕೊಡಬೇಕು, ತೀರ್ಮಾನದ ಮೇಲ್ ಬಂದಾಗ ಅವರಿಗೂ ತೋರಿಸಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎಡಿಟರ್‌ಗಳು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಕೇಳುವವರೇ ಕಡಿಮೆ. ಎರಡನೆಯದಾಗಿ, ಕೋರ್ಸ್‌ವರ್ಕ್‌ನ ಸಂಶೋಧನಾ ವಿಧಾನದ ಪಾಠದಲ್ಲಿ ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಗಂಟೆ ಇದಕ್ಕೆ ಕೊಡಿ. ಪರೀಕ್ಷೆ ಬೇಡ, ಬರೆದ ರಿವ್ಯೂಗಳಿಗೇ ಅಂಕ ಕೊಡಿ. ಗೈಡ್‌ಗಳ ವಾರ್ಷಿಕ ಮೌಲ್ಯಮಾಪನದಲ್ಲಿ "ಎಷ್ಟು ಪೇಪರ್" ಎಂದು ಕೇಳುತ್ತೀರಿ. "ಎಷ್ಟು ಜನಕ್ಕೆ ರಿವ್ಯೂ ಕಲಿಸಿದಿರಿ" ಎಂದೂ ಕೇಳಿ. ಆ ಕಾಲಂ ಬಂದ ದಿನ ಬಹಳ ಜನಕ್ಕೆ ಸಮಯ ಸಿಗುತ್ತದೆ.

ಸದಾಶಿವನಗರದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಒಂದು ಮಾತು. 1934ರಲ್ಲಿ ಸಿ. ವಿ. ರಾಮನ್ ಕಟ್ಟಿದ ಸಂಸ್ಥೆ ನಿಮ್ಮದು. ಪ್ರಮಾಣ, ರೆಸೊನೆನ್ಸ್, ಸಾಧನಾ ಇವೆಲ್ಲ ನಮ್ಮ ಊರಿನಿಂದಲೇ ಹೊರಡುವ ಜರ್ನಲ್‌ಗಳು. ಬೇರೆ ದೇಶದ ಎಡಿಟರ್ ಎಲ್ಲೋ ಇರುತ್ತಾರೆ, ನಿಮ್ಮ ಎಡಿಟರ್‌ಗಳು ಮೇಖ್ರಿ ಸರ್ಕಲ್ ಸುತ್ತಮುತ್ತಲೇ ಎಷ್ಟೋ ಜನ ಸಿಗುತ್ತಾರೆ. ಒಪ್ಪುವ ಲೇಖಕರ ಪೇಪರ್‌ಗಳಿಗೆ ಮಾಮೂಲಿ ರಿವ್ಯೂವರ್‌ಗಳ ಜೊತೆಗೆ ಒಬ್ಬ ಕಲಿಯುವವರನ್ನೂ ಕರೆಯಿರಿ. ಅವರ ರಿಪೋರ್ಟ್ ತೀರ್ಮಾನಕ್ಕೆ ಲೆಕ್ಕಕ್ಕಿರಬೇಕಿಲ್ಲ. ಎಡಿಟರ್ ಅದನ್ನು ಓದಿ ನಾಲ್ಕು ಸಾಲು ಹೇಳಿದರೆ ಸಾಕು. ಪೇಪರ್ ಬಂದಾಗ ಎಡಿಟರ್ ಮೇಜಿನ ಮೇಲೆ ಏನಾಗುತ್ತದೆ, ರಿವ್ಯೂಗೆ ಹೋಗದೆ ಅಲ್ಲಿಂದಲೇ ಯಾಕೆ ಕೆಲವು ವಾಪಸ್ ಬರುತ್ತವೆ ಎನ್ನುವುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ತೀರಾ ಕಡಿಮೆ.

ಈ ಕ್ಲಾಸುಗಳು ದೊಡ್ಡ ಕ್ಯಾಂಪಸ್‌ಗಳ ಗೇಟಿನೊಳಗೇ ಉಳಿಯಬಾರದು. ಐಐಎಸ್‌ಸಿಯಲ್ಲೋ ಎನ್‌ಸಿಬಿಎಸ್‌ನಲ್ಲೋ ಇರುವ ಸ್ಕಾಲರ್‌ಗೆ ಕಾರಿಡಾರಿನಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಜ್ಞಾನಭಾರತಿಯಲ್ಲಿ, ಕೋಲಾರದಲ್ಲಿ, ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಾರ್ಟ್ ಟೈಮ್ ಪಿಎಚ್‌ಡಿ ಮಾಡುವವರಿಗೆ ಆ ಕಾರಿಡಾರ್ ಇಲ್ಲ. ಮೂರು ದಿನದ ಜರ್ನಲ್‌ಗಳು ಹುಡುಕಿಕೊಂಡು ಬರುವುದು ಅವರನ್ನೇ. ಶನಿವಾರ ಮಧ್ಯಾಹ್ನ ಇಡಿ, ಹೊರಗಿನವರಿಗೂ ಬಾಗಿಲು ತೆರೆಯಿರಿ, ಗೇಟಿನಲ್ಲಿ ಸೆಕ್ಯೂರಿಟಿಯವರಿಗೆ ಮೊದಲೇ ಹೇಳಿಡಿ.

ಕಲಿಸಲು ಜನ ಎಲ್ಲಿ ಎಂದು ಕೇಳಬೇಡಿ. ನಾನಿದ್ದೇನೆ. ನನ್ನಂಥ ಪೋಸ್ಟ್‌ಡಾಕ್‌ಗಳು ಈ ಊರಿನಲ್ಲಿ ಇನ್ನೂ ಹಲವರಿದ್ದಾರೆ, ಸಂಭಾವನೆ ಬೇಡ ಎಂದೂ ಹೇಳಿದ್ದಾರೆ. ನಮಗೆ ಬೇಕಾದದ್ದು ಪ್ರೊಜೆಕ್ಟರ್ ಇರುವ ಒಂದು ಕೋಣೆ ಮತ್ತು ನಿಮ್ಮ ಸಹಿ ಇರುವ ಒಂದು ಆದೇಶ. ಮುಂದಿನ ಕೋರ್ಸ್‌ವರ್ಕ್ ವೇಳಾಪಟ್ಟಿ ಗಟ್ಟಿಯಾಗುವ ಮೊದಲು ಉತ್ತರ ಕೊಡಿ. ಆಗುವುದಿಲ್ಲ ಎಂದಾದರೆ ಕಾರಣ ಬರೆಯಿರಿ. ನಾವು ಅದಕ್ಕೂ ಒಂದೊಂದಾಗಿ ಉತ್ತರ ಬರೆದು ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಪೋಸ್ಟ್‌ಡಾಕ್ ಸಂಶೋಧಕಿ,
ಬೆಂಗಳೂರು